ಸೋಮವಾರದ ಮಾತ್ರೆ

ದಿನಕ್ಕೆ ಎಂಬತ್ತು ಜೋಳದ ರೊಟ್ಟಿ ಕೊಡುತ್ತೇವೆಂದು ಅಮರೇಶಪ್ಪನೂ ಅವನ ಮಗ ಬಸವಕಿರಣನೂ ಲಿಂಗಂಪಲ್ಲಿಯಲ್ಲಿ ಮೆಸ್ಸು ನಡೆಸುವ ನರಹರಿಗೆ ಮಾತು ಕೊಟ್ಟು ಬಂದರು. ರೊಟ್ಟಿ ಬಡಿಯಬೇಕಾದವಳು ಅಮರೇಶಪ್ಪನ ಹೆಂಡತಿ ಗಿರಿಜಾಬಾಯಿ. ಅವಳನ್ನು ಕೇಳಲಿಲ್ಲ. ಆಗ ಅವಳ ಎರಡೂ ಕೈಗಳ ಬೆರಳ ಗೆಣ್ಣುಗಳು ಬಾತಿದ್ದವು. ಬೆಳಿಗ್ಗೆ ಎದ್ದರೆ ಎರಡು ತಾಸು ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಮೇ ತಿಂಗಳು. ಹೈದರಾಬಾದಿನ ಆ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ವಿಜಾಪುರ, ಬಾಗಲಕೋಟೆ, ರಾಯಚೂರಿನ ಹುಡುಗರು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಆ ಕಟ್ಟಡಗಳನ್ನು ಹೊಕ್ಕು, ಹೊರಬಿದ್ದ ಕೂಡಲೇ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದರು. ಆ ಹಸಿವು ಲೋಕಲ್ ರೈಲು ಹತ್ತಿ ಬಾಲಾನಗರದ ಎರಡು ಖೋಲಿಯ ಬಾಡಿಗೆ ಮನೆಯೊಳಗೆ ಬಂತು.

ಅಮರೇಶಪ್ಪ ಲಿಂಗಸುಗೂರಿನ ಕಡೆಯವನು. ಬಾಲಾನಗರದ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷ ಲೇತ್ ಮಷಿನ್ ನಡೆಸಿ ಈಗ ಮನೆಯಲ್ಲಿ ಕೂತಿದ್ದ. ಬಸವಕಿರಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ, ಆದರೆ ಸಾಫ್ಟ್‌ವೇರ್ ಕೆಲಸದಲ್ಲಿ ಅಲ್ಲ. ಯಾವ ಗಾಡಿ ಯಾರನ್ನು ಎಷ್ಟು ಗಂಟೆಗೆ ಕರೆದು ತರಬೇಕು ಎಂದು ಪಟ್ಟಿ ಬರೆಯುವ ಮೇಜು ಅವನದು. ಅವನ ಹೆಂಡತಿ ಶ್ರೀವಿದ್ಯಾ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆ ಪ್ಯಾಕ್ ಮಾಡುತ್ತಿದ್ದಳು. ಅವರ ಮಗಳು ಪಿಂಕಿ ಎರಡನೆಯ ಕ್ಲಾಸು.

"ಯವ್ವಾ, ಬಾಯಿ ತಗಿ!" ಬಸವಕಿರಣ ಚಪ್ಪಲಿ ಬಿಡದೆ ಒಳಗೆ ನುಗ್ಗಿದ. ಕೈಯಲ್ಲಿ ಪೇಢಾ. "ಊರಿಗೆ ಊರ ಓಡಾಕತ್ತೇತಿ. ಇಷ್ಟ ದಿನ ನಾವ ನಿಂತ ನೋಡಿದ್ವಿ. ಇನ್ನ ನಾವೂ ಓಡೂದ!"

ಗಿರಿಜಾಬಾಯಿ ಮುಖ ಸರಿಸಿ ಪೇಢಾವನ್ನು ಕೈಯಲ್ಲಿ ಇಸಿದುಕೊಂಡಳು. ಅವತ್ತು ಸೋಮವಾರ. ಅವಳು ಅದನ್ನು ಪಿಂಕಿಯ ಕೈಗೆ ಹಾಕಿದಳು. ಯಾಕೆ ತಿನ್ನಲಿಲ್ಲ ಎಂದು ಯಾರೂ ಕೇಳಲಿಲ್ಲ.

"ಎಂಬತ್ತ ರೊಟ್ಟಿ ಅಂದ್ರ ಎಷ್ಟ ಹಿಟ್ಟಾಕ್ಕೇತಿ, ಗೊತ್ತೈತೇನ ನಿನಗ?" ಎಂದಳು.

"ಹಿಟ್ಟಿನ ಚಿಂತಿ ನಂದು," ಅಂದ ಅಮರೇಶಪ್ಪ.

"ಕೈ ಚಿಂತಿ ಯಾರ್ದು?"

"ಕೈ ಆಡಿಸಿದ್ರ ಕೀಲ ಸಡ್ಲ ಆಗ್ತಾವ. ಸುಮ್ನ ಕುಂತ್ರ ಮಷಿನ್ನಿಗೂ ತುಕ್ಕ ಹಿಡೀತೇತಿ."

ಒಲೆಯ ಹತ್ತಿರ ನಿಂತಿದ್ದ ಶ್ರೀವಿದ್ಯಾ ತಿರುಗಿ ನೋಡಿದಳು. "ಮಷಿನ್ನಿಗೆ ಎಣ್ಣಿ ಹಾಕ್ತಿದ್ರಿ ಹೌದಲ್ರಿ ಮಾವಾರ? ಅತ್ತಿಗೆ ಏನ ಹಾಕೀರಿ?"

"ನೋಡೋ, ನಿನ್ನ ಹೆಂಡ್ತಿ ಮಾತು!"

ಮರುದಿನ ನಸುಕಿನಿಂದ ಕೆಲಸ ಹತ್ತಿತು. ಗಿರಿಜಾಬಾಯಿ ಮೊದಲು ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಕೂರಬೇಕು. ಬೆರಳು ತುಸು ಬಿಟ್ಟುಕೊಂಡ ಮೇಲೆ ಎಸರಿಡಬೇಕು, ಹಿಟ್ಟು ನಾದಬೇಕು. ನಾದುವಾಗ ಮಣಿಕಟ್ಟಿನಲ್ಲಿ ಕಳಕ್ ಎನ್ನುತ್ತಿತ್ತು. ಬಡಿಯುವಾಗ ಪ್ರತಿ ಏಟೂ ಹಲಗೆಯಿಂದ ಮೊಳಕೈತನಕ ಹತ್ತುತ್ತಿತ್ತು. ಟಪ್, ಟಪ್, ಟಪ್. ಪಕ್ಕದ ಮನೆಯವರಿಗೆ ಅದು ಬೆಳಗಿನ ಸದ್ದು. ಎಂಟೂವರೆಯ ಲೋಕಲ್ಲಿಗೆ ಬಸವಕಿರಣ ರೊಟ್ಟಿಯ ಚೀಲ ಹೆಗಲಿಗೇರಿಸಿಕೊಂಡು ಭರತನಗರ ಸ್ಟೇಷನ್ನಿಗೆ ಓಡುತ್ತಿದ್ದ. ಅವನು ಹೋದ ಮೇಲೆ ಅಮರೇಶಪ್ಪ ತಾಟು ಹಾಕಿಕೊಂಡು ಕೂರುತ್ತಿದ್ದ. ಅವನಿಗೆ ಹಂಚಿನ ಮೇಲಿಂದ ಇಳಿದ ರೊಟ್ಟಿಯೇ ಆಗಬೇಕು. ಒಮ್ಮೆ ಶ್ರೀವಿದ್ಯಾ ಚಪಾತಿ ಇಟ್ಟಳು. ಅವನು ತಾಟನ್ನು ದೂರ ಸರಿಸಿದ.

"ಇದೇನ, ಜಡ್ಡಿನವ್ರಿಗೆ ಹಾಕೂ ಊಟ?"

"ಮನ್ಯಾಗ ಜಡ್ಡಿನವ್ರು ಅದಾರ, ನೀವಲ್ರಿ," ಅಂದಳು ಶ್ರೀವಿದ್ಯಾ.

ಒಂದು ದಿನ ಗಿರಿಜಾಬಾಯಿ ನೀರಿನ ತಂಬಿಗೆಯನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ಎತ್ತುತ್ತಿದ್ದಳು. ಶ್ರೀವಿದ್ಯಾ ಅದನ್ನು ಕಂಡು ಅವತ್ತೇ ಅರ್ಧ ದಿನ ರಜೆ ಬರೆದಳು. ದವಾಖಾನೆಗೆ ಬಸವಕಿರಣನೂ ಬಂದ. ಡಾಕ್ಟರ ಮುಂದೆ ಮಾತಾಡಲು ತಾನಿರಬೇಕು ಎಂಬುದು ಅವನ ನಂಬಿಕೆ.

ಡಾಕ್ಟರು ತೆಲುಗಿನ ಹೆಂಗಸು, ಕನ್ನಡ ಬಲ್ಲವರು. ಕೈಗಳನ್ನು ಮೇಜಿನ ಮೇಲೆ ಇಡಿಸಿ ಒಂದೊಂದು ಗೆಣ್ಣನ್ನೂ ಒತ್ತಿದರು. ಇದು ವಯಸ್ಸಿನ ನೋವಲ್ಲ ಎಂದರು. ಕಾಯಬೇಕಾದ ಮೈ ತನ್ನ ಕೀಲುಗಳ ಮೇಲೆ ತಾನೇ ದಾಳಿ ಮಾಡುತ್ತಿದೆ; ತಡೆಯದಿದ್ದರೆ ಬೆರಳು ಸೊಟ್ಟಗಾಗಿ ಹಾಗೆಯೇ ಉಳಿಯುತ್ತವೆ; ಔಷಧ ಇದೆ, ಆದರೆ ಅದು ಮೆಲ್ಲಗೆ ಕೆಲಸ ಮಾಡುತ್ತದೆ, ಎರಡು ಮೂರು ತಿಂಗಳು ಕಾಯಬೇಕು.

"ಕೈಗೆ ಬಿಡುವು ಕೊಡಬೇಕು. ಬಡಿಯೋದು, ಹಿಂಡೋದು ಬೇಡ."

"ಮೇಡಂ, ರೊಟ್ಟಿ ಬಡಿಯೋದು ಒಂಥರಾ ಎಕ್ಸರ್‌ಸೈಜ್ ಅಲ್ವಾ?" ಬಸವಕಿರಣ ನಕ್ಕ.

ಡಾಕ್ಟರು ನಗಲಿಲ್ಲ. "ದುಡಿಮೇನ ಎಕ್ಸರ್‌ಸೈಜ್ ಅನ್ನಬೇಡಿ. ನೀವು ಬಡೀತೀರಾ?"

ಆಮೇಲೆ ಒಂದು ಚಿಕ್ಕ ಹಳದಿ ಮಾತ್ರೆಯ ಹೆಸರು ಬರೆದರು. ವಾರಕ್ಕೆ ಒಂದೇ ಸಲ, ಗೊತ್ತು ಮಾಡಿದ ದಿನವೇ. ದಿನಾ ನುಂಗಿದರೆ ಜೀವಕ್ಕೆ ಅಪಾಯ. ತಿಂಗಳಿಗೊಮ್ಮೆ ರಕ್ತ ತೋರಿಸಬೇಕು. "ಯಾವ ದಿನ ಇಟ್ಟುಕೊಳ್ತೀರಿ?"

"ಮಂಡೇ!" ಬಸವಕಿರಣ ತಟ್ಟನೆ ಅಂದ. "ವಾರದ ಮೊದಲ ದಿನ. ಮರೆಯೋದಿಲ್ಲ."

"ಸರಿ. ಸೋಮವಾರ, ಟಿಫಿನ್ ತರುವಾಯ. ಖಾಲಿ ಹೊಟ್ಟೇಲಿ ಬೇಡ. ಬೇರೆ ದಿನ ಬೇಡವೇ ಬೇಡ."

ಗಿರಿಜಾಬಾಯಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತಾಗಿತ್ತು.

ರೊಟ್ಟಿ ನಿಲ್ಲಲಿಲ್ಲ. "ಮಾತ್ರಿ ಬಂತಲ್ಲ, ಇನ್ನೇನು," ಅಂದ ಅಮರೇಶಪ್ಪ. ಜೂನಿನಲ್ಲಿ ನರಹರಿ ಮೆಸ್ಸಿನ ಬಾಗಿಲಿಗೆ ಬೋರ್ಡು ಹಾಕಿಸಿದ: ಗಿರಿಜವ್ವನ ಕೈರೊಟ್ಟಿ. ಕೆಂಪು ಅಕ್ಷರ, ಪಕ್ಕದಲ್ಲಿ ಬಿಡಿಸಿದ ಎರಡು ಕೈ. ಕೈಗಳಿಗೆ ಹಸಿರು ಬಳೆ, ಬೆರಳು ಚಿಗುರಿನಂತೆ ನೆಟ್ಟಗೆ. ಬಸವಕಿರಣ ಅದರ ಫೋಟೊ ತೆಗೆಸಿ ತಂದು ತೋರಿಸಿದ.

"ಯವ್ವಾ, ಇಡೀ ಹೈದರಾಬಾದ್ ನಿನ್ನ ಹೆಸರ ಓದಾಕತ್ತೇತಿ!"

"ಇವು ಯಾರ ಕೈ?" ಗಿರಿಜಾಬಾಯಿ ಕೇಳಿದಳು.

"ನಿನ್ನವ!"

"ನನ್ನವಲ್ಲ ಬಿಡು."

ಶ್ರೀವಿದ್ಯಾ ಸಂಜೆ ಪಾಳಿ ಮುಗಿಸಿ ಬಂದವಳೇ ಕೇಳುತ್ತಿದ್ದಳು: ರಕ್ತ ತಪಾಸಣೆಗೆ ಯಾವಾಗ ಹೋಗೋದು? ಬಸವಕಿರಣ ಹೇಳುತ್ತಿದ್ದ: ಮುಂದಿನ ವಾರ. ಮುಂದಿನ ವಾರ ನರಹರಿ ನೂರು ಕೇಳುತ್ತಿದ್ದ. ಬಸವಕಿರಣ ಹಳದಿ ಮಾತ್ರೆಯನ್ನು ಮಾತ್ರ ತಪ್ಪದೆ ತಂದಿಡುತ್ತಿದ್ದ. ಪ್ರತಿ ಸೋಮವಾರ ಅವಸರದಲ್ಲಿ ಶೂ ಕಟ್ಟುತ್ತ ಕೂಗುತ್ತಿದ್ದ: "ಯವ್ವಾ, ಮಂಡೇ ಮಾತ್ರಿ!" ಒಳಗಿಂದ "ಹೂಂ" ಬರುತ್ತಿತ್ತು. ಅವನು ಓಡುತ್ತಿದ್ದ.

ಕೈ ಇಳಿಯಲಿಲ್ಲ, ಏರಿತು. ಜುಲೈ ಮುಗಿಯುವ ಹೊತ್ತಿಗೆ ಬಲಗೈಯ ನಡುಬೆರಳು ಒಂದು ಬದಿಗೆ ವಾಲತೊಡಗಿತು. ಗಿರಿಜಾಬಾಯಿ ಹಿಟ್ಟನ್ನು ಅಂಗೈಯಿಂದ ಬಡಿಯಲಾರದೆ ಮಣಿಕಟ್ಟಿನಿಂದ ಒತ್ತಿ ಅಗಲ ಮಾಡಿದಳು. ರೊಟ್ಟಿಯ ಅಂಚು ಹರಿಯಿತು. ನರಹರಿ ಫೋನಿನಲ್ಲಿ ಗೊಣಗಿದ. ಅಮರೇಶಪ್ಪ ಊಟಕ್ಕೆ ಕೂತು ಗುಡುಗಿದ.

"ಎರಡು ತಿಂಗಳ ಮ್ಯಾಲಾತು ಮಾತ್ರಿ ನುಂಗಾಕತ್ತು. ಏನಾತು? ಔಷಧಾ ಹತ್ತಂಗಿಲ್ಲ ಅಂದ್ರ ರೋಗ ಕೈಯಾಗಿಲ್ಲ, ಮನಸಿನ್ಯಾಗ ಐತಿ. ಕೆಲಸ ಒಲ್ಲೆ ಅಂತ ನಾಟಕ!"

"ನಾಟಕ ಮಾಡಾಕ ಕೈ ಬೇಕಲ್ರಿ. ಎಲ್ಲಿಂದ ತರ್ಲಿ?" ಗಿರಿಜಾಬಾಯಿ ಅವನ ತಾಟಿಗೆ ಪುಂಡಿಪಲ್ಯ ಬಡಿಸಿದಳು. ಸೌಟು ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಪಿಂಕಿ ಬಂದು ಎತ್ತಿಕೊಟ್ಟಳು.

ಆಗಸ್ಟ್ ಹದಿನೈದು ಭಾನುವಾರ ಬಂತು. ಪಿಂಕಿ ಶಾಲೆಯಲ್ಲಿ ಝೆಂಡಾ ಹಾರಿಸಿ, ಕೊಟ್ಟ ಲಾಡು ತಿಂದು ಮನೆಗೆ ಬಂದು, ಇನ್ನೂ ಸಿಹಿ ಬೇಕೆಂದು ಡಬ್ಬಿಗಳನ್ನು ತೆರೆಯುತ್ತ ಹೋದಳು. ದೇವರ ಗೂಡಿನಲ್ಲಿ ಅಜ್ಜಿಯ ವಿಭೂತಿ ಡಬ್ಬಿ ಇತ್ತು.

"ಅಮ್ಮಾ! ಆಯಿ ಡಬ್ಬ್ಯಾಗ ಪೆಪ್ಪರ್‌ಮಿಂಟ್ ಮುಚ್ಚಿ ಇಟ್ಟಾಳ! ಹಳದೀವು!"

ಶ್ರೀವಿದ್ಯಾ ಕೈಯಲ್ಲಿದ್ದ ಬಟ್ಟೆ ಬಿಸುಟು ಹಾರಿದಳು. ಮಗಳ ಬಾಯಿಗೆ ಬೆರಳು ಹಾಕಿ ನೋಡಿದಳು. ಬಾಯಿ ಖಾಲಿ. ಡಬ್ಬಿ ಕಸಿದುಕೊಂಡು ನೆಲಕ್ಕೆ ಸುರಿದಳು. ವರ್ಷಗಟ್ಟಲೆ ಮಾತ್ರೆ ನೋಡಿದ ಕಣ್ಣು ಅವಳದು. ಒಂದು, ಎರಡು, ಮೂರು... ಹನ್ನೆರಡು. ವಿಭೂತಿ ಮೆತ್ತಿಕೊಂಡು ಬೆಳ್ಳಗಾದ ಹನ್ನೆರಡು ಮಾತ್ರೆ.

"ಅತ್ತೀ, ಏನಿದು? ಹನ್ನೆರಡು ಸೋಮಾರ ಆಗ್ಯಾವ. ಹನ್ನೆರಡೂ ಇಲ್ಲೇ ಅದಾವ. ಒಂದೂ ನುಂಗಿಲ್ಲೇನ್ರಿ?"

ಗಿರಿಜಾಬಾಯಿ ಗೋಡೆಗೆ ಒರಗಿ ಕೂತಿದ್ದಳು. ಅಮರೇಶಪ್ಪ ಪೇಪರು ಇಳಿಸಿದ. ಬಸವಕಿರಣ ಮುಖಕ್ಕೆ ಸೋಪು ಹಚ್ಚಿಕೊಂಡವನು ಹಾಗೆಯೇ ಬಂದ.

"ಹೆಂಗ ನುಂಗ್ಲವ್ವಾ? ಸೋಮಾರ ನನಗ ವಾರ ಅಲ್ಲೇನು? ಸಂಜಿಕ ಪೂಜಿ ಆಗೂತನ ಬಾಯಾಗ ನೀರ ಬಿಟ್ರ ಏನೂ ಹಾಕಂಗಿಲ್ಲ. ಡಾಕ್ಟರಮ್ಮ ಮುಂಜಾನಿ ಟಿಫಿನ್ ಆದ ಮ್ಯಾಲ ಅಂದ್ರು. ಸೋಮಾರ ನನಗ ಟಿಫಿನ್ ಎಲ್ಲಿಂದ ಬರ್ಬೇಕು? ಮಂಗಳಾರ ತೊಗೊಳ್ಳೂಣಂದ್ರ, ಬ್ಯಾರೆ ದಿನ ನುಂಗಿದ್ರ ಜೀವ ಹೊಕ್ಕೇತಿ ಅಂದ್ರು. ಒಗ್ಯಾಕ ಮನಸ ಬರಲಿಲ್ಲ. ದುಡ್ಡ ಕೊಟ್ಟ ತಂದಿದ್ದು. ಈಶ್ವರನ ಹತ್ರ ಇಟ್ಟೆ."

"ಹೇಳಬಾರದೇನ ಯವ್ವಾ?" ಬಸವಕಿರಣ ಕೂಗಿದ. ಸೋಪಿನ ನೊರೆ ತುಟಿಗೆ ಇಳಿಯಿತು.

ಶ್ರೀವಿದ್ಯಾ ಎದ್ದು ನಿಂತಳು. "ಏನ್ ಹೇಳ್ಬೇಕ್ರಿ? ನಿಮ್ಮವ್ವ ಸೋಮಾರ ಉಣ್ಣಂಗಿಲ್ಲ ಅನ್ನೂದು ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ... ಅಂದ್ರ, ಪೂಜಿ ಮಾಡ್ತಾಳ..."

"ಮಾವಾರ, ನಿಮಗ?"

ಅಮರೇಶಪ್ಪ ಪೇಪರಿನ ಮಡಿಕೆಯನ್ನು ಉಗುರಿನಿಂದ ತೀಡಿದ. "ಹೆಂಗಸ್ರು ಏನೇನರ ಹಿಡದಿರ್ತಾರ."

"ಸೋಮಾರ ಸೋಮಾರ ನಿಮ್ಮ ತಾಟಿಗೆ ಬಿಸಿ ರೊಟ್ಟಿ ಹಾಕ್ಯಾರ. ನಿಮ್ಮ ಚೀಲಕ್ಕ ಎಂಬತ್ತ ಕಟ್ಟಿ ಕೊಟ್ಟಾರ. ಖಾಲಿ ಹೊಟ್ಟೀಲೆ! ನಾನೂ ನೋಡ್ಲಿಲ್ಲ, ಪಾಳಿ ಪಾಳಿ ಅಂತ ನಾನೂ ಓಡಿದೆ. ನನ್ನ ಕಣ್ಣೂ ಹೋಗಿದ್ವು."

"ಯಾವಾಗಿಂದ ಹಿಡದೀ ಯವ್ವಾ ಈ ವಾರ?" ಬಸವಕಿರಣನ ದನಿ ಇಳಿಯಿತು.

"ನೀ ಹುಟ್ಟಿದಾಗ ಮೂರ ದಿನ ಅಳಲಿಲ್ಲ. ನಾಲ್ಕನೇ ದಿನ ಸೋಮಾರ ನೀ ಅಳಾಕ ಹತ್ತಿದಿ. ಅವತ್ತಿಂದ. ಮೂವತ್ತೊಂದು ವರ್ಷ ಆತು."

ಹೊರಗೆ ಯಾರದೋ ಟಿವಿಯಲ್ಲಿ ಪೆರೇಡಿನ ಡೋಲು ಬಡಿಯುತ್ತಿತ್ತು. ಆಮೇಲೆ ಶ್ರೀವಿದ್ಯಾ ಇದ್ದಕ್ಕಿದ್ದಂತೆ ನಕ್ಕಳು. ನಗುತ್ತ ನಗುತ್ತ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅತ್ತೀ! ಔಷಧ ಸೋತಿಲ್ರಿ! ಅದು ಇನ್ನ ಶುರುನ ಆಗಿಲ್ಲ! ತಿಳೀತೇನ್ರಿ? ನಿಮ್ಮ ಕೈ ಸೋತಿಲ್ಲ!"

ಗಿರಿಜಾಬಾಯಿ ಸೊಸೆಯ ಮುಖವನ್ನೇ ನೋಡಿದಳು. "ಹೌದೇನು?"

"ಹೌದ್ರಿ! ಏಳ್ರಿ, ಸೀರಿ ಬದಲಸ್ರಿ. ಇವತ್ತ ದವಾಖಾನಿ ಬಾಗಲಾ ಹಾಕಿರ್ತೇತಿ, ನಾಳೆ ಹೋಗೂಣು. ಅಲ್ಲ, ನಾಳೆ ಹೋಗಾಕ ಸೀರಿ ಈಗ ಯಾಕ ಬದಲಸ್ತೀರಿ? ನನ್ನ ತಲೀನೂ ತಿರಗೇತಿ!"

ಪಿಂಕಿ ಏನೆಂದು ತಿಳಿಯದೆಯೂ ಕುಣಿದಳು.

ಮರುದಿನ ಡಾಕ್ಟರು ಕಥೆ ಕೇಳಿ ಪೆನ್ನು ಕೆಳಗಿಟ್ಟರು. ನಗಲಿಲ್ಲ, ಬೈಯಲಿಲ್ಲ. "ತಪ್ಪು ನಂದೂ ಇದೆ ಅಮ್ಮಾ. ಯಾವ ದಿನ ಅಂತ ನಿಮ್ಮನ್ನ ಕೇಳಬೇಕಿತ್ತು, ನಿಮ್ಮ ಮಗನ್ನ ಕೇಳಿದೆ. ಈಗ ಹೇಳಿ. ಯಾವ ದಿನ?"

ಈ ಪ್ರಶ್ನೆಯನ್ನು ಗಿರಿಜಾಬಾಯಿಗೆ ಯಾರೂ ಕೇಳಿರಲಿಲ್ಲ. ಅವಳು ಬೆರಳು ಮಡಚಿ ಎಣಿಸಲು ಹೋದಳು, ಬೆರಳು ಮಡಚಲಿಲ್ಲ. ಬಾಯಲ್ಲೇ ಎಣಿಸಿದಳು. "ಗುರುವಾರ."

ರಕ್ತ ಕೊಟ್ಟರು. ಡಾಕ್ಟರು ಹೊಸ ಚೀಟಿಯಲ್ಲಿ ಗುರುವಾರ ಎಂದು ದೊಡ್ಡದಾಗಿ ಬರೆದರು. ಕೆಳಗೆ ಇನ್ನೊಂದು ಸಾಲು: ಹಸ್ತಗಳಿಗೆ ಬಿಡುವು. ಶ್ರೀವಿದ್ಯಾ ಹೇಳಿದಳು, "ಅದರ ಕೆಳಗೆ ಇನ್ನೊಂದು ಬರೀರಿ ಮೇಡಂ, ದಿನಕ್ಕೆ ಇಪ್ಪತ್ತು ರೊಟ್ಟಿಗಿಂತ ಜಾಸ್ತಿ ಇಲ್ಲ. ನಮ್ಮನ್ಯಾಗ ಬರದಿದ್ದಷ್ಟ ನಡೀತೇತಿ." ಡಾಕ್ಟರು ಇಪ್ಪತ್ತೂ ಜಾಸ್ತಿಯೇ ಎಂದರು, ಕೊನೆಗೆ ಬರೆದರು. ಆ ಚೀಟಿಯನ್ನು ಶ್ರೀವಿದ್ಯಾ ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು.

"ನರಹರಿಗೆ ಏನ್ ಹೇಳ್ಲಿ?" ಬಸವಕಿರಣ ಅಂಗಲಾಚಿದ.

"ನಲವತ್ತ ಅಂತ ಹೇಳ್ರಿ. ಅತ್ತಿ ಇಪ್ಪತ್ತು, ನಾ ಇಪ್ಪತ್ತು."

"ನಿನ್ನ ರೊಟ್ಟಿ ಯಾರ ತಿಂತಾರ? ಒಂದೊಂದೂ ಆಂಧ್ರದ ನಕಾಶಿ ಇದ್ದಂಗ ಇರ್ತಾವ!"

"ಸಾಫ್ಟ್‌ವೇರಿನವ್ರು ಓದಿದವ್ರ ಅದಾರ. ನಕಾಶಿ ನೋಡಿ ತಿಂತಾರ ಬಿಡ್ರಿ."

ಗುರುವಾರ ಆ ಮನೆಯ ಹಬ್ಬವಾಯಿತು. ಪಿಂಕಿ ಕ್ಯಾಲೆಂಡರಿನಲ್ಲಿ ಗುರುವಾರಗಳಿಗೆಲ್ಲ ಹಳದಿ ಬಣ್ಣ ಬಳಿದಳು. ಉಪ್ಪಿಟ್ಟು ತಿಂದ ಮೇಲೆ ಆಯಿ ಬಾಯಿ ತೆರೆಯಬೇಕು, ಪಿಂಕಿ ಮಾತ್ರೆ ಹಾಕಬೇಕು, ನೀರು ಕುಡಿದು ಆಯಿ ನಾಲಿಗೆ ಹೊರಚಾಚಿ ತೋರಿಸಬೇಕು. "ನುಂಗಿದ್ಲು! ಖರೇನ ನುಂಗಿದ್ಲು!" ಎಂದು ಪಿಂಕಿ ಬಾಗಿಲಿಗೆ ಹೋಗಿ ಕೂಗುತ್ತಿದ್ದಳು.

ಶ್ರೀವಿದ್ಯಾ ಜೋಳದ ಕಾಳನ್ನು ಹಂಚಿನಲ್ಲಿ ಬೆಚ್ಚಗೆ ಹುರಿದು ಪಿಂಕಿಯ ಹಳೆಯ ಕಾಲುಚೀಲಕ್ಕೆ ತುಂಬಿ ಕಟ್ಟಿದಳು. ಬೆಳಿಗ್ಗೆ ಅದನ್ನು ಗೆಣ್ಣುಗಳ ಮೇಲೆ ಇಟ್ಟುಕೊಂಡು ಗಿರಿಜಾಬಾಯಿ ಕಣ್ಣು ಮುಚ್ಚುತ್ತಿದ್ದಳು. "ಇಷ್ಟ ವರ್ಷ ಈ ಜ್ವಾಳ ನನ್ನ ಬಡೀತು. ಈಗ ಕಾವು ಕೊಡಾಕತ್ತೇತಿ ನೋಡ." ಸೌಟಿನ ಹಿಡಿಗೆ ಹಳೆ ಸೀರೆಯ ಚಿಂದಿ ಸುತ್ತಿ ದಪ್ಪ ಮಾಡಿದರು. ನೀರಿನ ಕೊಡ ಎತ್ತುವ ಕೆಲಸ ಬಸವಕಿರಣನ ಪಾಲಿಗೆ ಬಂತು. ಸಂಜೆ ಪಿಂಕಿಯ ಸ್ಪಂಜಿನ ಚೆಂಡು ಹಿಚುಕುವುದು, ಬೆರಳನ್ನು ಹೂವಿನಂತೆ ಅರಳಿಸಿ ಮುಚ್ಚುವುದು. ಡಾಕ್ಟರು ಕಲಿಸಿದ್ದು ಹತ್ತು ಸಲ, ಪಿಂಕಿ ಮಾಡಿಸುವುದು ಹನ್ನೆರಡು ಸಲ.

ಅಮರೇಶಪ್ಪ ನಾಲ್ಕು ದಿನ ಮುಖ ಊದಿಸಿಕೊಂಡಿದ್ದ. ಅವನ ತಾಟಿಗೆ ಈಗ ಒಂದು ರೊಟ್ಟಿ, ಉಳಿದದ್ದು ಅನ್ನ. ಐದನೆಯ ದಿನ ಅವನು ತಾನೇ ಒಲೆಯ ಮುಂದೆ ಕೂತ.

"ಏನ್ ಮಹಾ ವಿದ್ಯೆ ಇದು? ಮೈಕ್ರಾನ್ ಲೆಕ್ಕದಾಗ ಕಬ್ಬಿಣ ಕಡದಾಂವ ನಾನು!"

ಹಿಟ್ಟು ಅವನ ಅಂಗೈಗೆ ಅಂಟಿತು, ಹಲಗೆಗೆ ಅಂಟಿತು, ಮೂರು ತುಂಡಾಗಿ ಒಲೆಗೆ ಬಿತ್ತು. ಗಿರಿಜಾಬಾಯಿ ಸೆರಗು ಬಾಯಿಗೆ ಒತ್ತಿ ನಕ್ಕಳು. ಮೂರನೆಯ ರೊಟ್ಟಿಗೇ ಅವನು ಭುಜ ಹಿಡಿದುಕೊಂಡ.

"ಭುಜಾ ಹಿಡಕೊಂತಲ್ಲ!"

"ಸುಮ್ನ ಕುಂತ್ರ ತುಕ್ಕ ಹಿಡೀತೇತಿ, ಬಡೀರಿ," ಅಂದಳು.

ಸೆಪ್ಟೆಂಬರ್ ಹೋಯಿತು. ಬೆಳಗಿನ ಬಿಗುವು ಎರಡು ತಾಸಿನಿಂದ ಒಂದಕ್ಕೆ ಇಳಿಯಿತು. ದಸರೆಯ ಹೊತ್ತಿಗೆ ಅರ್ಧ ತಾಸು. ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಪಿಂಕಿ ತನ್ನ ಕಿರುಬೆರಳನ್ನು ಆಯಿಯ ಅಂಗೈಯಲ್ಲಿ ಇಟ್ಟು, "ಹಿಡಿ ನೋಡೂಣು" ಎಂದಳು. ದಿನವೂ ಆಡುವ ಆಟ ಅದು, ದಿನವೂ ಬೆರಳು ಸುಲಭವಾಗಿ ಜಾರಿ ಹೊರಗೆ ಬರುತ್ತಿತ್ತು. ಅವತ್ತು ಬೆರಳುಗಳು ಒಂದರ ಹಿಂದೊಂದು ಬಾಗಿದವು. ಕಿರುಬೆರಳು, ಉಂಗುರಬೆರಳು, ಬದಿಗೆ ವಾಲಿದ ನಡುಬೆರಳೂ ಬಾಗಿತು. ಹೆಬ್ಬೆರಳು ಮೇಲೆ ಬಂದು ಕೂತಿತು.

"ಅಮ್ಮಾ! ಆಯಿ ನನ್ನ ಬೆರಳ ಹಿಡದ್ಲು! ಬಿಡಿಸ್ಕೊಳ್ಳಾಕ ಬರವಲ್ದು! ಬಿಡು ಆಯಿ, ಬಿಡು!"

"ಬಿಡಂಗಿಲ್ಲ!" ಗಿರಿಜಾಬಾಯಿ ಕಿರುಚಿದಳು. ಅವಳ ದನಿ ಅವಳಿಗೇ ಹೊಸದು. ಶ್ರೀವಿದ್ಯಾ ಹಿಟ್ಟಿನ ಕೈಯಲ್ಲೇ ಓಡಿಬಂದು ಆ ಮುಷ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮೂವರೂ ಕೂಗಾಡಿದರು. ಅಮರೇಶಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಬಂದು ನೋಡಿದ. "ಫಿಟ್ಟಿಂಗ್ ಸರಿ ಕುಂತೇತಿ," ಅಂದ. ಅವನ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ ಅದು.

ಬಸವಕಿರಣನೂ ಅವ್ವನ ಮುಷ್ಟಿಯನ್ನು ಕಣ್ಣಿಗೆ ಒತ್ತಿಕೊಂಡ. ಅವನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಆಮೇಲೆ ಫೋನು ಹಿಡಿದು ಹೊರಗೆ ಹೋದ. ಹತ್ತು ನಿಮಿಷಕ್ಕೆ ಹಾರುತ್ತ ಬಂದ.

"ಯವ್ವಾ, ನಮ್ಮ ಕಂಪನಿ ಕ್ಯಾಂಟೀನಿನ್ಯಾಗ ರಾಜ್ಯೋತ್ಸವ ಮಾಡಾಕತ್ತಾರ. ಕನ್ನಡದವ್ರೆಲ್ಲಾ ಸೇರಿ. ನಿನ್ನ ಕೌಂಟರ್ ಇಡ್ತಾರ! ಎಲ್ಲಾರ ಮುಂದ ನೀ ಕುಂತು ಬಡಿಯೂದು, ಅವ್ರು ಸಾಲಿನ್ಯಾಗ ನಿಂತು ಬಿಸಿಬಿಸಿ ತಿನ್ನೂದು. ದೊಡ್ಡ ಮ್ಯಾನೇಜರ್ ಬರ್ತಾನ. ಚೆನ್ನಾಗಿ ಆತಂದ್ರ ಕಾಯಂ ಕೌಂಟರ್! ನಾ ಗಾಡಿ ಪಟ್ಟಿ ಬರ್ಯೂದು ಬಿಟ್ಟು ಅದರ ಉಸ್ತುವಾರಿಗೆ ಬರ್ತೀನಿ!"

"ಎಷ್ಟ ರೊಟ್ಟಿ?"

"ಐನೂರು. ಒಂದ ದಿನದ ಮಾತಲ್ಲೇನು?"

ಶ್ರೀವಿದ್ಯಾ ಗೋಡೆಯ ಚೀಟಿಯ ಕಡೆ ಬೆರಳು ತೋರಿದಳು. "ಓದ್ರಿ."

"ಅದು ಕೈ ಕೆಟ್ಟಿದ್ದಾಗಿಂದು. ಈಗ ಸರಿ ಆಗ್ಯಾವಲ್ಲ!"

"ಸರಿ ಆಗಿದ್ದು ಯಾಕ ಅಂತ ಓದ್ರಿ ಅಂದೆ!"

"ನೀ ನನ್ನ ಕಾಲ ಹಿಡದ ಜಗ್ಗಬ್ಯಾಡ ಶ್ರೀ! ಹತ್ತ ವರ್ಷ ಆತು ಮಂದೀನ ಗಾಡಿ ಹತ್ತಿಸಾಕತ್ತು. ನಾ ಯಾವಾಗ ಹತ್ತಬೇಕು?"

"ನಿಮ್ಮವ್ವನ ಕೈ ಮ್ಯಾಲ ಕಾಲಿಟ್ಟ ಹತ್ತಬ್ಯಾಡ್ರಿ."

"ಮನೀ ಮಾತು ಇಷ್ಟಕ್ಕ ಸಾಕು. ಮಗ ಮುಂದ ಬರ್ತಾನ. ಗಿರಿಜಾ ಹೋಗ್ತಾಳ," ಅಂದ ಅಮರೇಶಪ್ಪ.

ಗಿರಿಜಾಬಾಯಿ ಒಂದೇ ಮಾತು ಕೇಳಿದಳು. "ಯಾವತ್ತ ಅದು?"

"ನವಂಬರ್ ಒಂದು."

"ತಾರೀಖಲ್ಲೋ. ಯಾವ ವಾರ?"

ಬಸವಕಿರಣ ಫೋನಿನಲ್ಲಿ ನೋಡಿದ. "ಮಂಡೇ, ಯವ್ವಾ."

ಶ್ರೀವಿದ್ಯಾ ಅವನ ಮುಖವನ್ನೇ ನೋಡುತ್ತ ನಿಂತಳು. ಅವನಿಗೆ ಏನೂ ಹೊಳೆಯಲಿಲ್ಲ. ಗಿರಿಜಾಬಾಯಿ ಸೆರಗು ಸರಿ ಮಾಡಿಕೊಂಡಳು.

"ಆತು. ಬರ್ತೀನಿ."

ಆ ಎಂಟು ಹತ್ತು ದಿನ ಬಸವಕಿರಣ ನೆಲದ ಮೇಲೆ ನಡೆಯಲಿಲ್ಲ. ನರಹರಿ ಬೋರ್ಡು ಬಿಚ್ಚಿ ಕ್ಯಾಂಟೀನಿಗೆ ಸಾಗಿಸಿದ. ಅಮರೇಶಪ್ಪ ಮೂಟೆ ಜೋಳ ಬೀಸಿಸಿದ. ಶ್ರೀವಿದ್ಯಾ ಅತ್ತೆಯೊಂದಿಗೆ ಜಗಳವಾಡಿದಳು.

"ಒಪ್ಪಿಕೊಂಡ್ರಲ್ರಿ! ನನಗ ಒಂದ ಮಾತು ಕೇಳಲಿಲ್ಲ!"

"ನಾ ಏನಂದೆ?"

"ಬರ್ತೀನಿ ಅಂದ್ರಿ."

"ಹೌದು. ಬರ್ತೀನಿ ಅಂದೆ. ಬಡೀತೀನಿ ಅಂದ್ನೇನು?"

ಶ್ರೀವಿದ್ಯಾ ನವೆಂಬರ್ ಒಂದಕ್ಕೆ ರಜೆ ಬರೆದಳು.

ನವೆಂಬರ್ ಒಂದರ ಬೆಳಿಗ್ಗೆ ಎಲ್ಲರಿಗೂ ಉಪ್ಪಿಟ್ಟು ಬಡಿಸಿ ಗಿರಿಜಾಬಾಯಿ ತಾನೂ ಒಂದು ತಾಟು ಹಾಕಿಕೊಂಡು ನಡುಮನೆಯಲ್ಲಿ, ಗಂಡ ಮಗನ ಎದುರಿಗೇ ಕೂತು ತಿಂದಳು. ಶೇಂಗಾ ಚಟ್ನಿಯ ಜೊತೆ ಇನ್ನೊಂದು ಸಲ ಹಾಕಿಸಿಕೊಂಡಳು. ಬಸವಕಿರಣ ಫೋನಿನಲ್ಲಿದ್ದ. ಅಮರೇಶಪ್ಪ ಹೊಸ ಪಂಚೆಯ ಅಂಚು ನೋಡಿಕೊಳ್ಳುತ್ತಿದ್ದ. ಪಿಂಕಿ ಒಬ್ಬಳೇ ಕಣ್ಣರಳಿಸಿದಳು.

"ಆಯಿ, ಇವತ್ತ ಸೋಮ..."

ಗಿರಿಜಾಬಾಯಿ ತುಟಿಯ ಮೇಲೆ ಬೆರಳಿಟ್ಟಳು. ಪಿಂಕಿ ನಗುವನ್ನು ಕೈಯಿಂದ ಮುಚ್ಚಿಕೊಂಡಳು.

ಕಂಪನಿಯ ಗಾಡಿ ಬಂತು. ಬೇರೆಯವರಿಗಾಗಿ ಹತ್ತು ವರ್ಷ ಬರೆದ ಪಟ್ಟಿಯಲ್ಲಿ ಬಸವಕಿರಣ ಅವತ್ತು ತನ್ನ ಅವ್ವನ ಹೆಸರು ಬರೆದಿದ್ದ. ಗಾಜಿನ ಕಟ್ಟಡದೊಳಗೆ ಮೈ ನಡುಗುವಷ್ಟು ತಂಪು. ಕ್ಯಾಂಟೀನಿನ ತುಂಬ ಕೆಂಪು ಹಳದಿ ಬಾವುಟ. ನಡುವೆ ಒಂದು ಎತ್ತರದ ಕಟ್ಟೆ, ಅದರ ಮೇಲೆ ಗ್ಯಾಸಿನ ಒಲೆ, ಹಂಚು, ಹಲಗೆ, ಮಡಿಚಿಟ್ಟ ಒದ್ದೆ ಬಟ್ಟೆ. ಹಿಂದೆ ಹಸಿರು ಬಳೆಯ ಎರಡು ಕೈಗಳ ಬೋರ್ಡು. ಸಾಲು ಆಗಲೇ ಬಾಗಿಲು ದಾಟಿತ್ತು. ಹುಡುಗರು ತಾಟು ಬಡಿಯುತ್ತಿದ್ದರು. "ಗಿರಿಜವ್ವಾ! ಗಿರಿಜವ್ವಾ!"

ಮೈಸೂರಿನ ಮಧುರಾ ಎಂಬ ಹುಡುಗಿ ಕಾರ್ಯಕ್ರಮದ ಹೊಣೆ ಹೊತ್ತವಳು, ಓಡಿಬಂದಳು. "ಅಮ್ಮಾ, ಎಷ್ಟು ಖುಷಿ ಆಗ್ತಿದೆ ಗೊತ್ತಾ? ಶುರು ಮಾಡೋಣ್ವಾ?"

ಗಿರಿಜಾಬಾಯಿ ಕಟ್ಟೆ ಹತ್ತಿ ಕೂತಳು. ಬೋರ್ಡಿನ ಕೈಗಳನ್ನು ಒಮ್ಮೆ ತಿರುಗಿ ನೋಡಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಮುಷ್ಟಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಳು.

ಹಂಚು ಕಾಯಿತು. ನರಹರಿ ಹಿಟ್ಟಿನ ಪರಾತ ಮುಂದೆ ತಳ್ಳಿದ. ಅವಳು ಮುಟ್ಟಲಿಲ್ಲ.

"ಯವ್ವಾ, ಹಂಚ ಕಾದೇತಿ," ಬಸವಕಿರಣ ಬಗ್ಗಿ ಪಿಸುಗುಟ್ಟಿದ. "ಮ್ಯಾನೇಜರ್ ಬಂದಾನ. ಶುರು ಮಾಡು."

"ಇವತ್ತ ಯಾವ ವಾರೋ ಬಸವಾ?"

"ಮಂ... ಸೋಮವಾರ." ಅವನು ಹಣೆ ಬಡಿದುಕೊಂಡ. "ಯವ್ವಾ, ನಿನ್ನ ವಾರ! ತಡಿ, ನೀ ಉಪಾಸ ಅದಿ..."

"ಉಪಾಸ ಎಲ್ಲಿ? ಮುಂಜಾನಿ ನಿನ್ನ ಮುಂದ ಕುಂತ ಎರಡ ಸಲ ಉಪ್ಪಿಟ್ಟ ಹಾಕಿಸಿಕೊಂಡ ತಿಂದೆ. ಇವತ್ತೂ ನೀ ನೋಡಲಿಲ್ಲ." ಅವಳ ದನಿ ಸಾಲಿನ ಮೊದಲಿನವರಿಗೆ ಕೇಳಿಸುವಷ್ಟಿತ್ತು. ತಾಟು ಬಡಿಯುವ ಸದ್ದು ಒಂದೊಂದಾಗಿ ನಿಂತಿತು. "ನಿನ್ನ ಸಲುವಾಗಿ ಹಿಡದ ವಾರ ಮುಗೀತಪ್ಪಾ. ಮೂವತ್ತೊಂದು ವರ್ಷ ಹೊಟ್ಟಿ ಹಿಡೀತು. ಇನ್ನ ಸೋಮಾರ ಕೈ ಹಿಡೀತಾವ. ಇವತ್ತ ನನ್ನ ಕೈಗೆ ವಾರ."

"ಕೈಗೆ ವಾರ ಅಂದ್ರೇನು?" ಅಮರೇಶಪ್ಪ ಕಟ್ಟೆಯ ಕೆಳಗಿನಿಂದ ಹಲ್ಲು ಕಚ್ಚಿ ಅಂದ. "ಐನೂರು ಮಂದಿ ನಿಂತಾರ. ಮರ್ಯಾದಿ ಕಳೀಬ್ಯಾಡ ಗಿರಿಜಾ!"

"ಹಿಟ್ಟೈತಿ, ಹಂಚೈತಿ. ನಿಮಗ ಕೈ ಅದಾವ. ಮೂರ ಬಡದ ಕಲ್ತೀರಿ, ಮ್ಯಾಲ ಬರ್ರಿ."

ಸಾಲಿನಲ್ಲಿ ಯಾರೋ ನಕ್ಕರು. ಶ್ರೀವಿದ್ಯಾ ಪಿಂಕಿಯನ್ನು ಎತ್ತಿಕೊಂಡು ಕಟ್ಟೆಯ ಹತ್ತಿರ ಬಂದು ನಿಂತಳು. ಮಧುರಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮ್ಯಾನೇಜರು ಕೈಗಡಿಯಾರ ನೋಡಿಕೊಂಡ.

"ಯವ್ವಾ, ಕೈ ಮುಗೀತೀನಿ," ಬಸವಕಿರಣ ಅಂದ. "ಒಂದ. ಒಂದ ರೊಟ್ಟಿ ಬಡಿ. ಫೋಟೊಕ್ಕರ."

ರೊಟ್ಟಿ ಬಡಿಯಲು ಅಂಗೈ ಬಿಚ್ಚಬೇಕು. ಗಿರಿಜಾಬಾಯಿ ಮಡಿಲಿನಿಂದ ಎರಡೂ ಮುಷ್ಟಿಗಳನ್ನು ಎತ್ತಿ ಹಲಗೆಯ ಮೇಲೆ, ಹಿಟ್ಟಿನ ಪಕ್ಕದಲ್ಲಿ ಇಟ್ಟಳು. ಬಿಚ್ಚಲಿಲ್ಲ.

"ಬಡಿಯಂಗಿಲ್ಲ," ಅಂದಳು.